ಎದುರಿನಿಂದ ಐವತ್ತು, ಒಳಗಿನಿಂದ ಐವತ್ತು

ಹತ್ತಿಕಡ್ಡಿಯ ತುದಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಆಕೆ ಜಾಯ್‌ಸ್ಟಿಕ್ಕಿನ ಬುಡದ ಸುತ್ತ ನಿಧಾನವಾಗಿ ತಿರುಗಿಸುತ್ತಾರೆ. ಕಪ್ಪು ಕೊಳೆ ಹತ್ತಿಗೆ ಅಂಟಿಕೊಂಡು ಬರುತ್ತದೆ. ಆ ಕಡ್ಡಿಯನ್ನು ಕಾಗದದ ಮೇಲಿಟ್ಟು ಇನ್ನೊಂದನ್ನು ತೆಗೆಯುತ್ತಾರೆ. ನಾಲ್ಕು ಕಡ್ಡಿ ಮುಗಿದ ಮೇಲೆ ಹಳೆಯ ಬನಿಯನ್ನಿನ ತುಂಡಿನಿಂದ ಹಿಡಿಯನ್ನು ಒರೆಸಿ, ಕೋಲನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಬಾಗಿಸಿ ಬಿಡುತ್ತಾರೆ. ಪ್ರತಿಸಲವೂ ಅದು ನಡುವಿಗೇ ಬಂದು ನಿಲ್ಲುತ್ತದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಬೆಳಗಿನ ಐದೂವರೆ. ಮೂರನೇ ಮಹಡಿಯ ಈ ಉದ್ದನೆಯ ಕೋಣೆಯಲ್ಲಿ ಇಪ್ಪತ್ತೆರಡು ಮೇಜುಗಳಿವೆ. ದೀಪ ಉರಿಯುತ್ತಿರುವುದು ಮೂಲೆಯ ಒಂದರ ಮೇಲೆ ಮಾತ್ರ. ಇಲ್ಲಿ ತಯಾರಾಗುವುದು ಕಂಪ್ಯೂಟರ್ ಆಟ. ನಕ್ಷತ್ರಗಳ ನಡುವೆ, ಒಬ್ಬರೇ ಕೂತು ಹಾರಿಸುವ ಪುಟ್ಟ ಯುದ್ಧದ ಹಡಗುಗಳು ಒಂದರ ಬೆನ್ನಿಗೊಂದು ಬಿದ್ದು ಕಾದಾಡುವ ಆಟ. ಯಾವ ಹಡಗು ಎಷ್ಟು ವೇಗವಾಗಿ ಹೋಗಬೇಕು, ಎಷ್ಟು ಬೇಗ ತಿರುಗಬೇಕು, ಎಷ್ಟು ಏಟು ತಿಂದು ಬದುಕಬೇಕು ಎಂಬುದನ್ನೆಲ್ಲ ಅಂಕಿಗಳಲ್ಲಿ ತೂಗಿ ಕೊಡುವುದು ಈಕೆಯ ಕೆಲಸ. ಕಚೇರಿಯವರು ಇವರನ್ನು ತಕ್ಕಡಿ ಅಕ್ಕ ಎನ್ನುತ್ತಾರೆ. ಮೂವತ್ತಾರು ವರ್ಷ. ಬಲಗೈ ಹೆಬ್ಬೆರಳಿನ ಬದಿಯಲ್ಲಿ ಹುರುಳಿಕಾಳಿನಷ್ಟು ಗಟ್ಟಿ ಚರ್ಮ. ಮಣಿಕಟ್ಟಿಗೆ ಪಟ್ಟಿ.

"ಎಲ್ರೂ ಬರೋ ಹೊತ್ತಿಗೆ ನನ್ನ ಅರ್ಧ ಯುದ್ಧ ಮುಗಿದಿರ್ಬೇಕು," ಎನ್ನುತ್ತಾರೆ. "ಆಮೇಲೆ ಬಂದು ಹಿಂದೆ ನಿಂತ್ಕೋತಾರೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಅಂತ ಶುರು. ಹಡಗಲ್ಲಿ ಒಬ್ರಿಗೇ ಜಾಗ ಇರೋದು ಅಂತ ಎಷ್ಟ್ಸಲ ಹೇಳ್ಲಿ?"

ಆಟದಲ್ಲಿ ಈಗ ಹದಿಮೂರು ಹಡಗುಗಳಿವೆ. ಹದಿನಾಲ್ಕನೆಯದು ಗಿಡುಗ. ಇವತ್ತು ಹನ್ನೊಂದು ಗಂಟೆಗೆ ಆಟಗಾರರ ಕೈಗೆ ಹೋಗಲಿದೆ. ಮೆಟ್ಟಿಲು ಹತ್ತಿ ಬರುವಾಗ ಗೋಡೆ ತುಂಬ ಅದರ ಚಿತ್ರ ಕಾಣುತ್ತದೆ: ಕಡುಗೆಂಪು ಮೈ, ಅಗಲವಾಗಿ ಬಿಚ್ಚಿದ ರೆಕ್ಕೆ, ರೆಕ್ಕೆಯ ಎರಡೂ ತುದಿಯಲ್ಲಿ ಬಂದೂಕು. ಕೆಳಗೆ ಓರೆಯಾಗಿ ಚಿತ್ರಕಾರನ ಸಹಿ. ಆ ಚಿತ್ರಕಾರ ತಕ್ಕಡಿ ಅಕ್ಕನ ಸ್ವಂತ ತಮ್ಮ.

ಹಡಗಿಗಿಂತ ಮೊದಲೇ ಹೊರಬಿದ್ದ ಆ ಚಿತ್ರ ಅಂಗಿಗಳ ಮೇಲೆ ಬಂದಿದೆ, ಬ್ಯಾಗುಗಳ ಮೇಲೆ ಬಂದಿದೆ. ಯಾರೋ ಒಬ್ಬ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡು ಫೋಟೋ ಕಳಿಸಿದ್ದಾನೆ. ಮನೆಯಲ್ಲಿ ಅಮ್ಮ ಗಿಡುಗದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣುವ ಹಾಗೆ ನೇತುಹಾಕಿದ್ದಾರೆ. ನೆಂಟರು ಬಂದರೆ ಅಮ್ಮ ಹೇಳುವ ಮಾತನ್ನು ಅಕ್ಕ ಅವರ ದನಿಯಲ್ಲೇ ಹೇಳಿ ತೋರಿಸುತ್ತಾರೆ: "ಮಗ ಹಡಗು ಮಾಡ್ತಾನೆ. ಮಗಳು ಅಲ್ಲೇ ಕೂತು ಆಟ ಆಡ್ತಾಳೆ."

ಹೊಟ್ಟೆಕಿಚ್ಚು ಆಗುವುದಿಲ್ಲವೇ ಎಂದು ಕೇಳಬೇಕೆಂದು, ಪತ್ರಿಕೆಯ ಪುರವಣಿಗೆ ಇವರ ಬಗ್ಗೆ ಬರೆಯಲು ಬಂದಿರುವ ನಾನು ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ. ಅವರೇ ಹೇಳಿಬಿಡುತ್ತಾರೆ.

"ಉರಿಯತ್ತೆ. ಯಾಕೆ ಉರಿಯಲ್ಲ? ಒಂದೇ ತಟ್ಟೇಲಿ ಉಂಡೋರು. ಬೇರೆ ಯಾರಾದ್ರೂ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು. ಇವ್ನು ಮೂಗು ಒರೆಸ್ಕೊಳ್ಳೋಕೂ ನನ್ನ ಲಂಗದ ಅಂಚೇ ಬೇಕಾಗಿತ್ತು."

ಈ ಉರಿಯ ಪರಿಚಯ ನನಗೂ ಇದೆ. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ಫೋಟೋ ಒಮ್ಮೆ ಪತ್ರಿಕೆಯಲ್ಲಿ ಬಂದಿತ್ತು. ಆ ಪುಟವನ್ನು ಮಡಚಿ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದೆ. ಪ್ರೀತಿಯಿಂದ ಇಟ್ಟುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ. ಹಾಗಾಗಿ ಅಕ್ಕನ ಮಾತಿಗೆ ನಾನು ತಲೆಯಾಡಿಸಿದೆ, ಅಷ್ಟೇ.

ಅಕ್ಕ ಮೊದಲು ಕೆಲಸ ಮಾಡುತ್ತಿದ್ದುದು ಸೋದರಮಾವನ ಸೈಕಲ್ ಅಂಗಡಿಯಲ್ಲಿ. ಹದಿನೈದನೇ ವಯಸ್ಸಿನಿಂದ ಹನ್ನೆರಡು ವರ್ಷ. ಸೊಟ್ಟಗಾದ ಚಕ್ರಗಳ ಬೆಂಡ್ ತೆಗೆಯುವುದರಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲವಂತೆ. "ಒಂದು ಕಡ್ಡಿ ಬಿಗಿ ಮಾಡಿದ್ರೆ ಅದರ ಎದುರಿನದು ಸಡಿಲ ಮಾಡ್ಬೇಕು. ಎಲ್ಲಾನೂ ಬಿಗಿ ಮಾಡ್ಕೊಂಡು ಹೋದ್ರೆ ಚಕ್ರ ಬಲವಾಗತ್ತೆ ಅನ್ಕೋತಾರೆ ಜನ. ಮೊದಲ್ನೇ ಗುಂಡಿಗೆ ಫಟ್ ಅನ್ನತ್ತೆ." ಬೆರಳಿನಿಂದ ಕಡ್ಡಿ ಮೀಟಿ, ಆ ಸದ್ದಿನಲ್ಲೇ ಯಾವುದು ಬಿಗಿ, ಯಾವುದು ಸಡಿಲ ಎಂದು ಹೇಳುತ್ತಿದ್ದರು.

ಆ ಹೊತ್ತಿಗೆ ತಮ್ಮ ಚಿತ್ರ ಕಲಿತು ಈ ಕಚೇರಿಗೆ ಸೇರಿದ್ದ. ಒಂದು ದಿನ ಆಟ ಆಡಿ ನೋಡಿ ಅಭಿಪ್ರಾಯ ಹೇಳುವವರು ಬೇಕಾಗಿದ್ದಾರೆ ಎಂದು ಅಕ್ಕನನ್ನು ಕರೆತಂದ. ಬಂದ ಮೂವತ್ತು ಜನರಲ್ಲಿ ಉಳಿದವರೆಲ್ಲ ಚೆನ್ನಾಗಿದೆ, ಬಣ್ಣ ಸೊಗಸಾಗಿದೆ ಎಂದು ಬರೆದುಕೊಟ್ಟರೆ, ಅಕ್ಕ ಬರೆದದ್ದು ಎರಡೇ ಸಾಲು: "ಈ ನೀಲಿ ಹಡಗು ಕಣ್ಣು ಮುಚ್ಚಿ ಆಡಿದರೂ ಗೆಲ್ಲುತ್ತದೆ. ಇದನ್ನು ಹೀಗೇ ಬಿಟ್ಟರೆ ಹದಿನೈದು ದಿನದಲ್ಲಿ ಉಳಿದ ಹಡಗುಗಳನ್ನು ಯಾರೂ ಮುಟ್ಟುವುದಿಲ್ಲ." ಅದನ್ನು ಓದಿದ ಮುಖ್ಯಸ್ಥೆ ಮರುದಿನವೇ ಬರಹೇಳಿದರು. ಒಂಬತ್ತು ವರ್ಷವಾಯಿತು. "ಕರ್ಕೊಂಡು ಬಂದೋನೂ ಅವ್ನೇ. ಅದೊಂದು ಹಂಗು ಬೇರೆ," ಎಂದು ಅಕ್ಕ ನಗುತ್ತಾರೆ.

ಹಡಗುಗಳ ಬಗ್ಗೆ ಅವರು ಮಾತಾಡುವುದನ್ನು ಕೇಳಬೇಕು. ಪರದೆಯ ಮೇಲೆ ಮಿಂಚುಳ್ಳಿ ಎಂಬ ಹಡಗನ್ನು ತರುತ್ತಾರೆ. ಸೂಜಿಯ ಹಾಗೆ ಸಪೂರ. ಎಲ್ಲಕ್ಕಿಂತ ವೇಗ ಇದಕ್ಕೇ. ಎರಡು ಏಟು ಬಿದ್ದರೆ ಮಾತ್ರ ಪುಡಿಪುಡಿ. ಇನ್ನೊಂದು ಆಮೆ. ದಪ್ಪ ಕವಚ, ದೊಡ್ಡ ಬಂದೂಕು, ತಿರುಗುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು.

"ವೇಗ ಅಂದ್ರೆ ಬರೀ ಓಡೋದು ಅನ್ಕೋಬೇಡಿ," ಎನ್ನುತ್ತಾರೆ. "ಓಡಿ ಹೋಗೋಕೆ ಆಗೋನು ಜಗಳ ಯಾವಾಗ ಶುರು ಆಗ್ಬೇಕು, ಯಾವಾಗ ಮುಗೀಬೇಕು ಅಂತ ತಾನೇ ತೀರ್ಮಾನ ಮಾಡ್ತಾನೆ. ನಿಧಾನದೋನು ಕಾಯ್ತಾ ಕೂತಿರ್ಬೇಕು. ಅಷ್ಟು ದೊಡ್ಡ ಅಧಿಕಾರ ಕೊಟ್ಮೇಲೆ ಇನ್ನೇನನ್ನಾದ್ರೂ ಕಿತ್ಕೋಬೇಕಲ್ವಾ? ಕವಚ ಕಿತ್ಕೊಂಡೆ. ಆಮೆಗೆ ಕವಚ ಕೊಟ್ಟೆ, ಓಟ ಕಿತ್ಕೊಂಡೆ. ಎಲ್ಲಾ ಕೊಟ್ಟು ಏನೂ ಕಿತ್ಕೊಳ್ದೇ ಇರೋ ಹಡಗು ಅಂದ್ರೆ ಅದು ಅಮ್ಮನ ಮುದ್ದಿನ ಮಗ ಇದ್ದ ಹಾಗೆ."

ಹೇಳಿದ ಮೇಲೆ ತಾವೇ ತುಟಿ ಕಚ್ಚಿಕೊಳ್ಳುತ್ತಾರೆ.

ತೂಗುವುದಕ್ಕೆ ಅವರದೇ ಒಂದು ಪದ್ಧತಿ ಇದೆ. ಹೊಸ ಹಡಗು ಬಂದರೆ ಮೊದಲು ಅದರ ಎದುರು ಐವತ್ತು ಪಂದ್ಯ ಆಡುತ್ತಾರೆ. ಆಗ ಹೊಸ ಹಡಗನ್ನು ಕಂಪ್ಯೂಟರ್ ಹಾರಿಸುತ್ತದೆ, ಅಕ್ಕ ಹಳೆಯ ಹಡಗುಗಳಲ್ಲಿ ಕೂರುತ್ತಾರೆ. ಆಮೇಲೆ ಅದೇ ಹೊಸ ಹಡಗಿನ ಒಳಗೆ ತಾವು ಕೂತು ಇನ್ನೈವತ್ತು. ಎರಡೂ ಕಡೆಯಿಂದ ಆಡಿದಾಗ ಹೊಸ ಹಡಗು ಐವತ್ತರಲ್ಲಿ ಇಪ್ಪತ್ತೆರಡರಿಂದ ಇಪ್ಪತ್ತೆಂಟು ಗೆದ್ದರೆ ತೂಕ ಸರಿ. ಲೆಕ್ಕವೆಲ್ಲ ಉದ್ದಗೆರೆಯ ನೋಟ್‌ಬುಕ್ಕಿನಲ್ಲಿ. ಎಡಪುಟದ ತಲೆಯಲ್ಲಿ "ಎದುರು", ಬಲಪುಟದ ತಲೆಯಲ್ಲಿ "ಒಳಗೆ". ಗೆದ್ದರೆ ನೆಟ್ಟಗಿನ ಗೀಟು, ಸೋತರೆ ಅಡ್ಡ ಗೀಟು. ದಿನಕ್ಕೆ ಸುಮಾರು ನೂರೈವತ್ತು ಪಂದ್ಯ. ಇಂಥ ಮೂವತ್ತೊಂದು ಪುಸ್ತಕಗಳು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿವೆ.

"ಎದುರಿಂದ ನೋಡಿದ್ರೆ ಭಯ ಮಾತ್ರ ಕಾಣತ್ತೆ. ಒಳಗೆ ಕೂತ್ರೆ ಅದರ ಕಷ್ಟ ಕಾಣತ್ತೆ. ಎರಡೂ ನೋಡದೆ ಒಂದು ಅಂಕಿ ಬರೀಬಾರ್ದು," ಎನ್ನುತ್ತಾ ಮೂವತ್ತೊಂದನೇ ಪುಸ್ತಕವನ್ನು ನನ್ನ ಕೈಗೆ ಕೊಡುತ್ತಾರೆ.

ನಾನು ಗಿಡುಗದ ಪುಟ ತೆಗೆಯುತ್ತೇನೆ. ಎಡಗಡೆ ಐವತ್ತು ಗೀಟುಗಳು ತುಂಬಿವೆ. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದೆ: ತಿರುಗುವ ವೇಗ ಸೆಕೆಂಡಿಗೆ ಎಪ್ಪತ್ತು ಡಿಗ್ರಿ ಇದ್ದದ್ದು ಐವತ್ತೆರಡಕ್ಕೆ. ಬಲಗಡೆ "ಒಳಗೆ" ಎಂಬ ಪದವಿದೆ. ಅದರ ಕೆಳಗೆ ಏನೂ ಇಲ್ಲ.

"ಈ ಪುಟ ಖಾಲಿ ಇದೆ," ಎನ್ನುತ್ತೇನೆ. ಬರೆಯುವುದನ್ನು ಮರೆತಿರಬೇಕು ಎಂದೇ ನನ್ನ ಊಹೆ.

ಅಕ್ಕ ಪುಸ್ತಕವನ್ನು ಇಸಿದುಕೊಂಡು ನೋಡುತ್ತಾರೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಮತ್ತೆ ನೋಡುತ್ತಾರೆ. ಗಡಿಯಾರದಲ್ಲಿ ಐದು ಮುಕ್ಕಾಲು.

"ಒಂಬತ್ತಕ್ಕೆ ಅಂಕಿಗಳಿಗೆ ಬೀಗ ಹಾಕ್ತಾರೆ," ಎನ್ನುತ್ತಾರೆ ಕೊನೆಗೆ. ಬೀಗ ಬಿದ್ದರೆ ಮೂರು ತಿಂಗಳು ಯಾರೂ ಮುಟ್ಟುವ ಹಾಗಿಲ್ಲ. ಹೊಸ ಹಡಗಿನ ಹಣೆಬರಹ ಮೊದಲ ವಾರದಲ್ಲೇ ತೀರ್ಮಾನವಾಗುತ್ತದೆ. ಆಟಗಾರರು ಒಮ್ಮೆ ದಂಡ ಎಂದುಬಿಟ್ಟರೆ ಆಮೇಲೆ ಎಷ್ಟು ಸರಿ ಮಾಡಿದರೂ ಅದರತ್ತ ತಿರುಗುವುದಿಲ್ಲ. ಹಿಂದೊಮ್ಮೆ ಹಾಗಾದಾಗ ಆ ಹಡಗಿನ ಚಿತ್ರ ಬಿಡಿಸಿದ್ದ ಹುಡುಗಿಯ ಹೆಸರು ಹಿಡಿದು ಊರೆಲ್ಲ ಗೇಲಿ ಮಾಡಿದ್ದರು. ಆಕೆ ಈಗ ಈ ಕೆಲಸದಲ್ಲಿಲ್ಲ. ಗಿಡುಗದ ಕೆಳಗಿರುವ ಸಹಿ ತಮ್ಮನದು.

ಅಕ್ಕ ಗಿಡುಗದ ಒಳಗೆ ಕೂರುತ್ತಾರೆ.

ಒಂದು ಪಂದ್ಯಕ್ಕೆ ಒಂದೂವರೆ ನಿಮಿಷ. ಮೊದಲ ಹತ್ತರಲ್ಲಿ ಎಂಟು ಸೋಲು. ಆಮೆಯ ಎದುರು ಪರವಾಗಿಲ್ಲ. ಮಿಂಚುಳ್ಳಿಯ ಎದುರು ಬಂದಾಗ ನನ್ನಂಥವಳಿಗೂ ಕಾಣುವ ಸಂಗತಿಯೊಂದು ನಡೆಯುತ್ತದೆ: ಗಿಡುಗದ ಗುಂಡುಗಳು ಎರಡು ರೆಕ್ಕೆಯ ತುದಿಯಿಂದ ಹೊರಟು, ಹತ್ತಿರದಲ್ಲಿರುವ ಸಪೂರ ಹಡಗಿನ ಎಡಕ್ಕೊಂದು ಬಲಕ್ಕೊಂದು ಹಾದುಹೋಗುತ್ತವೆ. ನಡುವೆ ಮಿಂಚುಳ್ಳಿ ಆರಾಮವಾಗಿ ನಿಂತಿರುತ್ತದೆ, ಬಾಗಿಲಿನ ಎರಡು ಕದಗಳ ನಡುವೆ ನಿಂತ ಹಾಗೆ.

"ನೋಡಿ, ನೋಡಿ," ಎಂದು ಅಕ್ಕ ಪರದೆಗೆ ಬೆರಳು ಕುಟ್ಟುತ್ತಾರೆ. "ಬಂದೂಕು ರೆಕ್ಕೆ ತುದಿಗೆ ಇಟ್ಟಿದಾನೆ, ಚೆಂದ ಕಾಣ್ಲಿ ಅಂತ. ಎರಡು ಗುಂಡೂ ಒಂದೇ ಕಡೆ ಸೇರೋದು ದೂರದಲ್ಲಿ. ಹತ್ರ ಬಂದೋರನ್ನ ಇದು ಹೊಡೆಯೋಕೇ ಆಗಲ್ಲ. ಹೊಡೀಬೇಕಂದ್ರೆ ಬೇಗ ತಿರುಗಿ ದೂರ ಹೋಗ್ಬೇಕು. ತಿರುಗೋದನ್ನ ನಾನು ಕಿತ್ಕೊಂಡಿದೀನಿ." ಆಮೇಲೆ ಬೆರಳನ್ನು ರೆಕ್ಕೆಯುದ್ದಕ್ಕೂ ಎಳೆಯುತ್ತಾರೆ: "ರೆಕ್ಕೆ ನೋಡಿ ಎಷ್ಟು ಅಗಲ. ಮೇಲಿಂದ ಬಂದೋನಿಗೆ ಇದು ಒಣಗೋಕೆ ಹಾಕಿದ ಜಮಖಾನ. ಚೆಂದಕ್ಕೆ ಅವ್ನು ಆಗ್ಲೇ ಎರಡ್ಸಲ ದಂಡ ಕಟ್ಟಿದಾನೆ. ಮೂರನೇದು ನಾನು ಹಾಕ್ದೆ."

ಎದುರಿನಿಂದ ಐವತ್ತು ಆಡುವಾಗ ಇದು ಯಾಕೆ ಕಾಣಲಿಲ್ಲ? ಎಡಪುಟದ ಗೀಟುಗಳ ಪಕ್ಕದಲ್ಲೇ ಉತ್ತರವಿದೆ. ಆ ಐವತ್ತನ್ನೂ ಅಕ್ಕ ಆಡಿದ್ದು ಆಮೆಯಲ್ಲಿ ಕೂತು. ಆಮೆ ದಪ್ಪ, ಬಂದ ಎರಡು ಗುಂಡೂ ಅದಕ್ಕೆ ತಾಗುತ್ತವೆ. ಆಮೆಯಿಂದ ನೋಡಿದರೆ ಗಿಡುಗ ರಾಕ್ಷಸನೇ.

"ಯಾವಾಗ್ಲೂ ಹಡಗು ಬದಲಾಯಿಸ್ತಾ ಆಡ್ತೀನಿ. ಆವತ್ತು ಬದಲಾಯಿಸ್ಲಿಲ್ಲ," ಎನ್ನುತ್ತಾರೆ. ಕೈ ನಿಲ್ಲುವುದಿಲ್ಲ. ಕೋಲು ಬಾಗುತ್ತಲೇ ಇದೆ. "ಆವತ್ತು ಬೆಳಿಗ್ಗೆ ಅಮ್ಮ ಆ ಚೌಕಟ್ಟಿನ ಗಾಜು ಒರೆಸ್ತಿದ್ರು. ನನ್ನ ಡಬ್ಬಿ ಕಟ್ಟಿರ್ಲಿಲ್ಲ. ಪರವಾಗಿಲ್ಲ ಅಂತ ಬಂದೆ. ಇಲ್ಲಿ ಬಂದ್ರೆ ಎಲ್ರ ಬಾಯಲ್ಲೂ ಗಿಡುಗ, ಗಿಡುಗ. ಒಳಗೆ ಕೂರೋ ಸರದಿ ಬಂತು. ನಂಗೆ ಕೂರೋಕೇ ಮನಸ್ಸು ಬರ್ಲಿಲ್ಲ. ಐವತ್ತೆರಡು ಅಂತ ಬರೆದು ಮುಚ್ಚಿಟ್ಟೆ. ಬರೆದಾಗ ಒಂಥರಾ ಹಾಯ್ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ."

ನಾನು ಪೆನ್ನು ಕೆಳಗಿಡುತ್ತೇನೆ. ಇದನ್ನು ಬರೆಯಲೋ ಬೇಡವೋ ಎಂದು ಕೇಳುತ್ತೇನೆ.

"ಬರೀರಿ. ಬರೀ ಒಳ್ಳೇದು ಬರೆದ್ರೆ ಅದೂ ತೂಕ ತಪ್ಪಿದ ಹಾಗೇ ಅಲ್ವಾ? ಅಮ್ಮ ಪುರವಣಿ ಓದಲ್ಲ. ಕಪಾಟಿಗೆ ಹಾಸ್ತಾರೆ."

ಏಳು ಗಂಟೆ ದಾಟಿದಾಗ ಬಲಪುಟ ತುಂಬುತ್ತದೆ. ಐವತ್ತರಲ್ಲಿ ಗೆದ್ದದ್ದು ಒಂಬತ್ತು. ಅಕ್ಕ ಎದ್ದು ನೀರು ಕುಡಿದು, ಮಣಿಕಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಬಿಗಿದುಕೊಂಡು ಬರುತ್ತಾರೆ. ತಿರುಗುವ ವೇಗವನ್ನು ಐವತ್ತೆಂಟು ಮಾಡುತ್ತಾರೆ. ನಾಲ್ಕು ಪಂದ್ಯಕ್ಕೇ ತಲೆ ಅಲ್ಲಾಡಿಸುತ್ತಾರೆ. ಅರವತ್ತೈದು. ಈಗ ಹಡಗು ಕೈಗೇ ಸಿಗದ ಹಾಗೆ ಹಾರಿ ಎಲ್ಲರನ್ನೂ ಹೊಡೆಯುತ್ತದೆ. "ಇಲ್ಲಿಗೇ ಬಿಟ್ರೆ ಅವ್ನಿಗೆ ಖುಷಿ. ಉಳಿದೋರ ಗತಿ?" ಒಂದೊಂದೇ ಡಿಗ್ರಿ ಇಳಿಸುತ್ತಾರೆ. ಅರವತ್ತಮೂರರಲ್ಲಿ ಕೋಲಿನ ಮೇಲಿದ್ದ ಬೆರಳುಗಳು ಸಡಿಲವಾಗುವುದನ್ನು ನೋಡುತ್ತೇನೆ. ಮಿಂಚುಳ್ಳಿ ಹತ್ತಿರ ಬರುತ್ತದೆ, ಗಿಡುಗ ಮೈ ಹೊರಳಿಸಿ ಜಾರಿ ದೂರ ಸರಿಯುತ್ತದೆ, ತಿರುಗುತ್ತದೆ, ಎರಡೂ ಗುಂಡುಗಳು ಸರಿಯಾದ ದೂರದಲ್ಲಿ ಒಂದಾಗುತ್ತವೆ. ಇಪ್ಪತ್ತು ಪಂದ್ಯದಲ್ಲಿ ಹತ್ತು ಗೆಲುವು, ಹತ್ತು ಸೋಲು. ಇಂಥದ್ದೊಂದು ಕೆಲಸ ನನ್ನ ಕೈಗೂ ಬರುತ್ತಿದ್ದರೆ ಎಂದು ನನ್ನ ಹೊಟ್ಟೆಯೂ ಆ ಹೊತ್ತಿನಲ್ಲಿ ಸ್ವಲ್ಪ ಉರಿಯಿತು.

"ಛೆ," ಎನ್ನುತ್ತಾರೆ ಅಕ್ಕ ಮೆಲ್ಲಗೆ. "ಒಳ್ಳೇ ಹಡಗು ಕಣ್ರೀ ಇದು."

ಎಂಟೂವರೆಗೆ ಮುಖ್ಯಸ್ಥೆ ಬರುತ್ತಾರೆ. ಬೆನ್ನಿಗೇ ತಮ್ಮ, ಕೈಯಲ್ಲಿ ಕಾಫಿ ಲೋಟ, ಹೊಸ ಅಂಗಿ. ಇಸ್ತ್ರಿ ಹಾಕಿದವರು ಅಮ್ಮ ಎಂದು ಅಕ್ಕ ನನಗೆ ಪಿಸುಗುಟ್ಟಿ, ಎದ್ದು ನಿಲ್ಲುತ್ತಾರೆ.

"ಮೇಡಂ, ಗಿಡುಗದ ಅಂಕಿ ಬದಲಾಯಿಸ್ಬೇಕು. ತಿರುಗೋದು ಐವತ್ತೆರಡು ಅಂತ ಇದೆ. ಅರವತ್ಮೂರು ಆಗ್ಬೇಕು."

"ಇವತ್ತಾ? ಇನ್ನರ್ಧ ಗಂಟೆಗೆ ಬೀಗ ಹಾಕ್ಬೇಕು ತಕ್ಕಡಿ ಅಕ್ಕ!"

"ಅದಕ್ಕೇ ಈಗ್ಲೇ ಹೇಳ್ತಿದೀನಿ."

"ಐವತ್ತೆರಡು ಬರೆದೋರು ಯಾರು?"

"ನಾನೇ. ಒಳಗೆ ಕೂತು ಆಡದೆ ಬರೆದೆ."

ಮುಖ್ಯಸ್ಥೆ ಬ್ಯಾಗನ್ನು ಮೇಜಿನ ಮೇಲಿಡುತ್ತಾರೆ. "ನೀವಾ? ಒಂಬತ್ತು ವರ್ಷದಲ್ಲಿ ಒಂದ್ಸಲಾನೂ ಬಿಟ್ಟೋರಲ್ಲ. ಯಾಕೆ?"

ಅಕ್ಕ ಉತ್ತರ ಕೊಡುವ ಮೊದಲೇ ತಮ್ಮ ನಗುತ್ತಾನೆ. "ಏನಕ್ಕಾ, ನನ್ನ ಹಡಗಿನ ಮೇಲೆ ಅಷ್ಟೊಂದು ಕೋಪಾನಾ?"

"ಹಡಗಿನ ಮೇಲಲ್ಲ ಕಣೋ."

ನಗು ಆತನ ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ಆಮೇಲೆ ಕಾಫಿ ಲೋಟವನ್ನು ನೋಡುತ್ತಾನೆ. ಕೋಣೆಯಲ್ಲಿ ಆಗಲೇ ಏಳೆಂಟು ಜನ ಬಂದಿದ್ದಾರೆ. ಎಲ್ಲರ ಬೆರಳುಗಳೂ ಕೀಲಿಮಣೆಯ ಮೇಲೆ ಸುಮ್ಮನಿವೆ.

"ಎಷ್ಟು ಪಂದ್ಯ ಆಡಿದ್ರಿ ಅರವತ್ಮೂರರಲ್ಲಿ?" ಎಂದು ಮುಖ್ಯಸ್ಥೆ ಕೇಳುತ್ತಾರೆ.

"ಇಪ್ಪತ್ತೇ. ಐವತ್ತಕ್ಕೆ ಹೊತ್ತು ಸಾಲ್ಲಿಲ್ಲ. ಆದ್ರೂ ಇದು ಸರಿ ಇದೆ. ಕೈಗೆ ಗೊತ್ತಾಗತ್ತೆ."

ಮುಖ್ಯಸ್ಥೆ ಎರಡು ಪುಟಗಳನ್ನೂ ಓದುತ್ತಾರೆ, ಎಡದ್ದು, ಬಲದ್ದು. ಒಂಬತ್ತಕ್ಕೆ ಎಂಟು ನಿಮಿಷ ಇರುವಾಗ ಅಂಕಿ ಬದಲಾಗುತ್ತದೆ. ಪುಸ್ತಕ ವಾಪಸು ಕೊಡುವಾಗ ಅವರು ಒಂದೇ ಮಾತು ಹೇಳುತ್ತಾರೆ: "ಇನ್ನೊಂದ್ಸಲ ಹೀಗೆ ಮಾಡಿದ್ರೆ ಈ ಕೆಲಸ ಬೇರೆಯವರಿಗೆ ಕೊಡ್ಬೇಕಾಗತ್ತೆ." ಅಕ್ಕ ತಲೆಯಾಡಿಸುತ್ತಾರೆ. ತಮ್ಮ ಆಗಲೇ ಫೋನಿನಲ್ಲಿದ್ದಾನೆ.

ಸರಿಯಾಗಿ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳದಿರುವುದೇ ಈ ವೃತ್ತಿಯ ಗುಣ. "ಸೋತೋನು ತನ್ನ ಕೈನ ಬೈಕೋಬೇಕು, ಹಡಗನ್ನ ಬೈಬಾರ್ದು. ಹಾಗಾದ್ರೆ ನನ್ನ ಕೆಲಸ ಸರಿಯಾಗಿದೆ ಅಂತ. ಅದೇ ನನ್ನ ಚಪ್ಪಾಳೆ," ಎನ್ನುತ್ತಾರೆ ಅಕ್ಕ. ಹೇಳುವಾಗ ದನಿಯಲ್ಲಿ ಬೇಸರವಿದೆ, ಜಂಬವೂ ಇದೆ. ಯಾವುದು ಹೆಚ್ಚು ಎಂದು ನನಗೆ ತೂಗಲು ಬರುವುದಿಲ್ಲ.

ಹನ್ನೊಂದಕ್ಕೆ ಗಿಡುಗದ ಬಿಡುಗಡೆಗೆ ಕೆಳಮಹಡಿಯ ಸಭಾಂಗಣ ಕಿಕ್ಕಿರಿದಿದೆ. ಗೋಡೆಯಷ್ಟು ದೊಡ್ಡ ಪರದೆ. ಅದರ ಬುಡದಲ್ಲಿ ಒಂದು ಪುಟ್ಟ ಮೇಜು, ಅಲ್ಲಿ ಜನರ ಕಡೆಗೆ ಬೆನ್ನು ಮಾಡಿ ಅಕ್ಕ. ಮೇಲೆ ಗಿಡುಗ ರೆಕ್ಕೆ ಬಿಚ್ಚಿ ತಿರುಗಿದಾಗ ಜನ ಓಹೋ ಎನ್ನುತ್ತಾರೆ. ಬೆನ್ನಟ್ಟಿ ಬಂದ ಎರಡು ಹಡಗುಗಳ ನಡುವಿನಿಂದ ಅದು ಮೈ ಹೊರಳಿಸಿ ಜಾರಿ ಹೋದಾಗ ಶಿಳ್ಳೆ ಬೀಳುತ್ತದೆ. "ನೋಡೋಕೂ ಚೆಂದ, ತಿರುಗೋದೂ ಚೆಂದ," ಎಂದು ಮೈಕು ಹಿಡಿದವರು ಚಿತ್ರಕಾರನ ಹೆಸರು ಕೂಗುತ್ತಾರೆ. ತಮ್ಮ ವೇದಿಕೆ ಹತ್ತುತ್ತಾನೆ. ಚಪ್ಪಾಳೆ ಬಹಳ ಹೊತ್ತಿನವರೆಗೂ ನಿಲ್ಲುವುದೇ ಇಲ್ಲ. ಅಕ್ಕ ಹಡಗನ್ನು ಹಾರಿಸುತ್ತಲೇ ಇದ್ದಾರೆ. ನಿಂತರೆ ಪರದೆಯೂ ನಿಂತುಹೋಗುತ್ತದೆ.

ವೇದಿಕೆಯಿಂದ ಇಳಿದ ತಮ್ಮನನ್ನು ಜನ ಮುತ್ತುತ್ತಾರೆ. ಯಾರೋ ಅಂಗಿಯ ಮೇಲೆ ಸಹಿ ಕೇಳುತ್ತಾರೆ, ಯಾರೋ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಕೊನೆಯ ಪಂದ್ಯ ಮುಗಿಸಿ ಅಕ್ಕ ಎದ್ದು ನಿಲ್ಲುತ್ತಾರೆ. ಕೂತಿದ್ದ ಕುರ್ಚಿಯನ್ನು ಹಿಂದಕ್ಕೆ ಎಳೆದು, ಬೇರೆ ಯಾರೂ ಕೂರದ ಹಾಗೆ ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಒಂದು ಸಲ ತಮ್ಮನನ್ನು ಕರೆಯುತ್ತಾರೆ. ಗದ್ದಲದಲ್ಲಿ ಯಾರೂ ತಿರುಗುವುದಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ:

"ತಮ್ಮಾ, ಬಾರೋ ಇಲ್ಲಿ. ಒಂದೇ ಒಂದ್ಸಲ ಒಳಗೆ ಕೂತು ನೀನೇ ತಿರುಗಿಸಿ ನೋಡು."